ಕ್ಯಾಲೆಂಡರಿನ ಹಿಂದಿನ ಬಣ್ಣ

ಮೇಸ್ತ್ರಿಗೆ ಬಿಳಿ ಬಣ್ಣದಲ್ಲೇ ನಲವತ್ತು ಬಗೆ ಗೊತ್ತಿತ್ತು. ಹಾಲಿನ ಬಿಳಿ, ಮೊಟ್ಟೆಚಿಪ್ಪಿನ ಬಿಳಿ, ದಂತದ ಬಿಳಿ, ಆಸ್ಪತ್ರೆಯ ಬಿಳಿ, ಬಾಡಿಗೆದಾರ ಬದಲಾದಾಗ ಮನೆಯ ಮಾಲೀಕರು ಒಲ್ಲದ ಮನಸ್ಸಿನಿಂದ ಹೊಡೆಸುವ ಬಿಳಿ. ಕಣ್ಣು ಕಿರಿದು ಮಾಡಿ ಒಮ್ಮೆ ನೋಡಿದರೆ ಸಾಕು, ಯಾವುದರಲ್ಲಿ ಎಷ್ಟು ಹನಿ ಹಳದಿ, ಎಷ್ಟು ಹನಿ ಕಪ್ಪು ಬಿದ್ದಿದೆ ಎಂದು ಹೇಳಿಬಿಡುತ್ತಿದ್ದ. ಇಷ್ಟೆಲ್ಲ ಬಿಳಿ ಬಲ್ಲವನಿಗೆ ಒಲೆಯ ಮೇಲಿಟ್ಟ ಹಾಲು ಉಕ್ಕುವುದು ಯಾವಾಗ ಎಂಬುದು ಮಾತ್ರ ಐವತ್ತೆಂಟು ತುಂಬಿದರೂ ಗೊತ್ತಾಗಿರಲಿಲ್ಲ. ಅದು ಅವನು ಆ ಕಡೆ ತಿರುಗುವುದನ್ನೇ ಹೊಂಚು ಹಾಕಿ ಉಕ್ಕುತ್ತಿತ್ತು.

ಕೇರಿಯಲ್ಲಿ ಅವನಿಗೆ ‘ಎರಡನೇ ಕೋಟು’ ಎಂದು ಅಡ್ಡಹೆಸರು. ಮೊದಲ ಕೋಟು ಬಣ್ಣ ಬಿದ್ದ ಗೋಡೆಯನ್ನು ನೋಡಿ ಮನೆಯೊಡತಿಯರು ತಲೆಯ ಮೇಲೆ ಕೈ ಹೊತ್ತುಕೊಂಡಾಗಲೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: “ಏನೂ ಯೋಚನೆ ಮಾಡ್ಬೇಡಿ ಅಮ್ಮ, ಎರಡನೇ ಕೋಟಿಗೆ ಎಲ್ಲ ಸರಿಹೋಗುತ್ತೆ.” ಸರಿಹೋಗುತ್ತಲೂ ಇತ್ತು. ಬರಬರುತ್ತ ಆ ಮಾತು ಗೋಡೆಯಿಂದ ಇಳಿದು ಮನೆಯೊಳಗೆ ಓಡಾಡತೊಡಗಿತು. ಮಗಳು ಗಣಿತದಲ್ಲಿ ಡುಮ್ಕಿ ಹೊಡೆದಾಗ, ಸೂರು ಸೋರಿದಾಗ, ಅವನೇ ಏಣಿಯಿಂದ ಬಿದ್ದು ಮೊಣಕೈ ಮುರಿದುಕೊಂಡಾಗ, ಎಲ್ಲಕ್ಕೂ ಎರಡನೇ ಕೋಟೇ ಮದ್ದು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ ಎಂದು ಹೆಂಡತಿ ಮೊದಲ ಸಲ ಹೇಳಿದಾಗಲೂ ಅದನ್ನೇ ಹೇಳಿದ್ದ. ಹೇಳಿ, ನಾಲ್ಕು ತಿಂಗಳು ಕಳೆದ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಅದಾದ ಮೇಲೆ ಆ ಮಾತು ಅವನ ಬಾಯಿಂದ ಹೊರಡುವುದು ನಿಂತುಹೋಗಿತ್ತು.

ಮೂವತ್ತಮೂರು ದಿನ ಹೆಂಡತಿಯ ಗಂಟಲಿಗೆ ಯಂತ್ರದ ಬೆಳಕು ಕೊಟ್ಟು ಸುಟ್ಟರು. ಗಡ್ಡೆ ಕರಗಿತು ಎಂದರು. ಜೊತೆಗೆ ನುಂಗುವ ಶಕ್ತಿಯೂ ಕರಗಿತ್ತು. ಒಂದು ಗುಟುಕು ನೀರು ಇಳಿಸಬೇಕಾದರೂ ಅವಳು ಮೊದಲು ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದುಕೊಳ್ಳುತ್ತಿದ್ದಳು. ಮಾತೂ ನೋವೇ. ಹಾಗಾಗಿ ದಿನಕ್ಕೆ ಹತ್ತೋ ಹನ್ನೆರಡೋ ಮಾತು, ಅದೂ ಅಳೆದೂ ಸುರಿದೂ. ಮೂವತ್ತು ವರ್ಷ ಅವಳ ಮಾತಿಗೆ ಅಡ್ಡ ಬಾಯಿ ಹಾಕಲು ಸಂದಿ ಹುಡುಕುತ್ತಿದ್ದ ಮೇಸ್ತ್ರಿಗೆ ಈಗ ಮನೆ ತುಂಬ ಸಂದಿಯೇ ಇತ್ತು, ಹಾಕಲು ಬಾಯಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಊಟ ತಿಂಡಿಯ ಬಗ್ಗೆ ಹೇಳುವ ಒಬ್ಬ ಮೇಡಂ ಇದ್ದರು. ಮಂಗಳವಾರ ತೂಕದ ಯಂತ್ರದ ಮೇಲೆ ಹೆಂಡತಿಯನ್ನು ನಿಲ್ಲಿಸಿ, ಕೆಂಪು ಅಂಕಿ ನೋಡಿ, ತುಟಿ ಒತ್ತಿಕೊಂಡರು.

“ನಲವತ್ತು ಕೆಜಿ ಮುನ್ನೂರು ಗ್ರಾಂ. ಸೋಮವಾರ ಮತ್ತೆ ಬನ್ನಿ. ನಲವತ್ತರ ಕೆಳಗೆ ಇಳಿದ್ರೆ ನಾವು ಕಾಯೋ ಹಾಗಿಲ್ಲ. ಮೂಗಿಗೆ ಟ್ಯೂಬು ಹಾಕ್ಬೇಕಾಗುತ್ತೆ. ಆಮೇಲೆ ಊಟ ಎಲ್ಲ ಅದರಲ್ಲೇ.”

ಮನೆಗೆ ಬಂದು ಚಪ್ಪಲಿ ಬಿಡುವಾಗ ಹೆಂಡತಿ ಗೋಡೆಗೆ ಒರಗಿ ನಿಂತು, “ಟ್ಯೂಬು ಬೇಡ ರೀ” ಎಂದಳು. ಆವತ್ತಿನ ಹನ್ನೆರಡು ಮಾತಿನಲ್ಲಿ ಮೂರು ಅದಕ್ಕೇ ಹೋದವು.

“ಬೇಡ ಅಂದ್ರೆ ತಿನ್ಬೇಕಲ್ಲೇ. ಏನು ತಿಂತೀಯ ಹೇಳು, ತರ್ತೀನಿ. ಮಾಡಿಸ್ತೀನಿ. ಮಾಡ್ತೀನಿ.”

ಕೊನೆಯ ಮಾತು ಅವನಿಗೇ ಗೊತ್ತಿಲ್ಲದ ಹಾಗೆ ಜಾರಿತ್ತು. ಹೆಂಡತಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮೂವತ್ತು ವರ್ಷದಲ್ಲಿ ಆ ಗಂಡಸು ಒಲೆ ಹಚ್ಚಿದ್ದು ಎರಡು ಸಲ, ಒಂದು ಸಲ ಅಂಗಿಗೂ ಸೇರಿಸಿ. ಆದರೂ ಹೇಳಿದಳು: “ಮೆತ್ತಂದು.”

ಆ ಮನೆಯಲ್ಲಿ ಆ ಅಡುಗೆಗೆ ಬೇರೆ ಹೆಸರಿರಲಿಲ್ಲ. ಮಗಳಿಗೆ ಹಾಲುಹಲ್ಲು ಬಿದ್ದಾಗ, ಮೇಸ್ತ್ರಿಯ ಬಾಯಲ್ಲಿ ಹುಣ್ಣಾದಾಗ, ಯಾರಾದರೂ ಮುನಿಸಿಕೊಂಡು ಊಟ ಬಿಟ್ಟಾಗ ಅವಳು ಮಾಡುತ್ತಿದ್ದದ್ದು ಅದು. ಈರುಳ್ಳಿ ಹುರಿದು, ಆಲೂಗಡ್ಡೆ, ಕ್ಯಾರೆಟ್ಟು ಬೇಯಿಸಿ ನುಣ್ಣಗೆ ಅರೆದು, ನೆನೆಸಿದ ಗೋಡಂಬಿಯ ಹಿಟ್ಟು, ಹಾಲಿನ ಕೆನೆ, ಚೂರು ಶುಂಠಿ, ಹೆಸರಿಗೆ ಅರಿಶಿನ. ಖಾರದ ಸೋಂಕಿಲ್ಲ. ಬಾಯಿಗಿಟ್ಟರೆ ಇಟ್ಟದ್ದೇ ಗೊತ್ತಾಗದ ಹಾಗೆ ಇಳಿದುಹೋಗುವ ಸಾರು. ಮುನಿಸಿಕೊಂಡವರು ತಾವು ಮುನಿಸಿಕೊಂಡದ್ದು ನೆನಪಾಗುವಷ್ಟರಲ್ಲಿ ಎರಡನೇ ಬಟ್ಟಲು ಮುಗಿಸಿರುತ್ತಿದ್ದರು.

ಅವಳೇ ಮಾಡೋಣವೆಂದರೆ ಒಲೆಯ ಹಬೆ ತಾಕಿದರೆ ಸಾಕು, ಕೆಮ್ಮು ಹತ್ತಿ ಕಣ್ಣು ಮೇಲಾಗುತ್ತಿತ್ತು. ಹತ್ತಿರದ ಬೀದಿಯಲ್ಲಿದ್ದ ನಾದಿನಿ, ಅಂದರೆ ಹೆಂಡತಿಯ ತಂಗಿ, ಬುಧವಾರ ಬೆಳಿಗ್ಗೆ ತಾನೇ ಮಾಡಿ ತಂದಳು. ಅವಳ ಕೈ ಸ್ವಲ್ಪ ಧಾರಾಳ. ಒಂದು ಚಮಚ ಬಾಯಿಗಿಟ್ಟ ಹೆಂಡತಿಯ ಕಣ್ಣಿಂದ ನೀರು ಧಾರೆಯಾಯಿತು.

“ಖಾರ ಹಾಕ್ಲೇ ಇಲ್ಲ ಭಾವ, ದೇವರಾಣೆ! ಒಂದೇ ಒಂದು ಹಸಿಮೆಣಸಿನಕಾಯಿ, ಅದೂ ಬೀಜ ತೆಗೆದು, ಬರೀ ವಾಸನೆಗೆ.”

“ನಿನ್ನ ವಾಸನೆಗೆ ನನ್ನ ಗೋಡೆ ಮೇಲಿನ ಬಣ್ಣ ಎದ್ದು ಬರುತ್ತೆ ಕಣಮ್ಮ. ಇನ್ಮೇಲೆ ಅಡುಗೆಮನೆ ನಂದು. ನೀನು ಬರೀ ಹೇಳು.”

“ಅಯ್ಯೋ, ನೀವಾ?” ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. “ಹಾಗಾದ್ರೆ ಅಕ್ಕನಿಗೆ ಟ್ಯೂಬೇ ಗತಿ.”

ಹೇಳಿದ ಮೇಲೆ ಅವಳಿಗೇ ಅದು ಚುಚ್ಚಿತು. ಅಷ್ಟರಲ್ಲಿ ಮೇಸ್ತ್ರಿ ಸೊಂಟಕ್ಕೆ ಟವೆಲು ಸುತ್ತಿಯಾಗಿತ್ತು.

ಮೊದಲ ತೊಂದರೆ ಅಳತೆಯದು. ಬಣ್ಣದ ಕೆಲಸದಲ್ಲಿ ಎಲ್ಲಕ್ಕೂ ಲೆಕ್ಕವಿದೆ: ಲೀಟರಿಗೆ ಇಷ್ಟು ನೀರು, ಇಷ್ಟು ಹನಿ ಸ್ಟೇನರು ಎಂಬ ಗಾಢ ಬಣ್ಣ, ಇಷ್ಟು ಗಂಟೆ ಒಣಗಬೇಕು. ಹೆಂಡತಿಯ ಮಂಚದ ಬಳಿ ಹೋಗಿ, ಕಿವಿಯ ಮೇಲಿನ ಪೆನ್ಸಿಲು ಕೈಗೆ ತೆಗೆದುಕೊಂಡು, “ಉಪ್ಪು ಎಷ್ಟು?” ಎಂದು ಕೇಳಿದ.

“ನೋಡ್ಕೊಂಡು.”

“ನೋಡ್ಕೊಂಡು ಅಂದ್ರೆ ಎಷ್ಟು ಚಮಚ?”

ಅವಳು ಹೆಬ್ಬೆರಳು, ತೋರುಬೆರಳು ಸೇರಿಸಿ ತೋರಿಸಿದಳು. ಅವನು ಅವಳ ಬೆರಳಿಗೂ ತನ್ನ ಬೆರಳಿಗೂ ಇರುವ ದಪ್ಪದ ವ್ಯತ್ಯಾಸವನ್ನು ಯೋಚಿಸುತ್ತ ವಾಪಸು ಬಂದ. ಮೂರು ನಿಮಿಷಕ್ಕೆ ಮತ್ತೆ ಹೋಗಿ, “ಈರುಳ್ಳಿ ಎಲ್ಲಿವರೆಗೆ ಹುರೀಬೇಕು?” ಎಂದ. ಅವಳು ಕಣ್ಣು ಮುಚ್ಚಿಕೊಂಡಳು. ಮಾತು ಉಳಿಸಿದಳೋ ತಾಳ್ಮೆ ಉಳಿಸಿದಳೋ ತಿಳಿಯಲಿಲ್ಲ.

ಬುಧವಾರದ್ದು ತಳ ಹಿಡಿಯಿತು. ಗುರುವಾರದ್ದು ಒಡೆಯಿತು. ಕುದಿಯುವ ಪಾತ್ರೆಗೆ ಫ್ರಿಜ್ಜಿನ ಕೆನೆಯನ್ನು ಒಂದೇ ಸಲ ಸುರಿದಿದ್ದ. ಕಣ್ಣೆದುರೇ ಅದು ಚೂರುಚೂರಾಗಿ, ಕೆಳಗೆ ನೀರು, ಮೇಲೆ ಮೊಸರಿನಂಥ ಗಂಟು. ಎಣ್ಣೆಯ ಬಣ್ಣಕ್ಕೆ ನೀರು ಬೆರೆಸಿದರೆ ಆಗುವುದೂ ಇದೇ. ಹೊಸದಾಗಿ ಕೆಲಸಕ್ಕೆ ಸೇರಿದವರು ಹೀಗೆ ಮಾಡಿದಾಗ ಅವರ ವಂಶವನ್ನೆಲ್ಲ ಜಾಲಾಡುತ್ತಿದ್ದ ಮೇಸ್ತ್ರಿ, ಈಗ ಯಾರ ವಂಶವನ್ನು ಹಿಡಿಯುವುದೆಂದು ತೋಚದೆ ಸೌಟು ಹಿಡಿದು ನಿಂತ. ಎರಡು ದಿನ ಹೆಂಡತಿಯ ಹೊಟ್ಟೆಗೆ ಹೋದದ್ದು ತೆಳ್ಳನೆ ಗಂಜಿ, ಅದೂ ಅರ್ಧ ಲೋಟ.

ಆಗ ಅವನಿಗೆ ಗೋಡೆ ನೆನಪಾಯಿತು.

ಒಂಬತ್ತು ವರ್ಷದ ಹಿಂದೆ, ಊರವರ ಮನೆಗಳಿಗೆಲ್ಲ ಬಣ್ಣ ಬಳಿದು ತನ್ನ ಮನೆಯ ಸರದಿ ಬಂದಾಗ, ಅಡುಗೆಮನೆಗೆ ಯಾವ ಬಣ್ಣ ಎಂದು ಹೆಂಡತಿಯನ್ನು ಕೇಳಿದ್ದ. ಅವಳು ಒಲೆಯ ಮೇಲಿನ ಪಾತ್ರೆ ತೋರಿಸಿ, “ಈ ಬಣ್ಣ” ಎಂದಿದ್ದಳು. ಪಾತ್ರೆಯಲ್ಲಿದ್ದದ್ದು ಮೆತ್ತಂದು. ತಮಾಷೆಗೆ ಹೇಳಿದ್ದಳು. ಬಣ್ಣದ ವಿಷಯದಲ್ಲಿ ತಮಾಷೆ ಗೊತ್ತಿಲ್ಲದ ಮನುಷ್ಯ ಒಂದು ಚಮಚ ಸಾರನ್ನು ಬಣ್ಣ ಪರೀಕ್ಷಿಸುವ ಬಿಳಿ ಕಾರ್ಡಿನ ಮೇಲೆ ಬಳಿದು, ಒಣಗಿಸಿ, ಅದಕ್ಕೆ ಸರಿಯಾಗಿ ಬಣ್ಣ ಕಲಸಿ, ನಾಲ್ಕೂ ಗೋಡೆಗೆ ಹೊಡೆದಿದ್ದ. ಅದರ ಲೆಕ್ಕ ಈಗಲೂ ಅವನ ಚೀಟಿಪುಸ್ತಕದಲ್ಲಿತ್ತು: ಬಿಳಿ ಒಂದು ಲೀಟರು, ಹಳದಿ ಆರು ಹನಿ, ಇಟ್ಟಿಗೆಗೆಂಪು ಎರಡು, ಕಪ್ಪು ಅರ್ಧ. ಹೆಂಡತಿಯ ಸಾರಿನ ಬಣ್ಣ ಮಾಡುವುದು ಹೇಗೆಂದು ಬರೆದುಕೊಂಡಿದ್ದ. ಸಾರು ಮಾಡುವುದು ಹೇಗೆಂದು ಒಂದಕ್ಷರ ಬರೆದುಕೊಂಡಿರಲಿಲ್ಲ.

ಶುಕ್ರವಾರ ಅವನು ಗೋಡೆಯನ್ನೇ ಗುರುವಾಗಿಟ್ಟುಕೊಂಡು ಅಡುಗೆಗಿಳಿದ. ಈರುಳ್ಳಿ ಕೆಂಪಾಗುವ ಮುಂಚೆ ಇಳಿಸಿದ, ಯಾಕೆಂದರೆ ಗೋಡೆಯಲ್ಲಿ ಕಂದು ಇರಲಿಲ್ಲ. ಕೆನೆಯನ್ನು ಒಲೆ ಆರಿಸಿದ ಮೇಲೆ ಚಮಚ ಚಮಚವಾಗಿ ಬೆರೆಸಿದ. ಒಂದು ಚಮಚ ತೆಗೆದು ಬಿಳಿ ಕಾರ್ಡಿಗೆ ಬಳಿದು ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗಿಟ್ಟ. ಹಸಿ ಬಣ್ಣ ನೋಡಿ ತೀರ್ಮಾನ ಮಾಡಬಾರದು, ಒಣಗಿದ ಮೇಲೆ ನೋಡಬೇಕು, ಇದು ವೃತ್ತಿಧರ್ಮ. ಮೊದಲ ಕಾರ್ಡು ಬಿಳಿಚಿತು. ಚಿಟಿಕೆ ಅರಿಶಿನ. ಎರಡನೆಯದೂ ಬಿಳಿಚಿತು. ಇನ್ನೊಂದು ಚಿಟಿಕೆ. ಮೂರನೆಯದನ್ನು ಇರುವೆ ಮುತ್ತಿತು, ಅವನ್ನು ಊದಿ ಓಡಿಸಿ ನೋಡಿದ. ಇನ್ನೊಂದು ಚಿಟಿಕೆ.

ನಾದಿನಿ ಬಾಗಿಲಲ್ಲಿ ನಿಂತು ನೋಡಿದಳು. “ಭಾವ, ಅಕ್ಕ ಅಲ್ಲಿ ಹಸ್ಕೊಂಡು ಮಲಗಿದಾಳೆ. ನೀವಿಲ್ಲಿ ಸಾರನ್ನ ಒಣಗಿಸ್ತಾ ಕೂತಿದೀರಾ?”

“ಸುಮ್ನಿರಮ್ಮ. ಇನ್ನೊಂದು ಕಾರ್ಡು.”

“ರುಚಿ ನೋಡಿದ್ರಾ?”

ನೋಡಿರಲಿಲ್ಲ. ನೋಡಬೇಕೆಂದೇ ಹೊಳೆದಿರಲಿಲ್ಲ. ಬಣ್ಣದ ಡಬ್ಬಿಗೆ ಬೆರಳದ್ದಿ ನೆಕ್ಕಿದವರು ಯಾರಿದ್ದಾರೆ?

ಆರನೆಯ ಕಾರ್ಡನ್ನು ಒಲೆಯ ಹಿಂದಿನ ಗೋಡೆಗೆ ಹಿಡಿದರೆ ಎಲ್ಲಿ ಕಾರ್ಡು ಮುಗಿದು ಎಲ್ಲಿ ಗೋಡೆ ಶುರುವಾಯಿತೆಂದು ಹೇಳಲಾಗುತ್ತಿರಲಿಲ್ಲ. ಮೇಸ್ತ್ರಿ ಬಟ್ಟಲಿಗೆ ಬಡಿಸಿಕೊಂಡು, ಗೆದ್ದ ಕುಸ್ತಿಪಟುವಿನ ಹಾಗೆ ಹೊರಟ.

ಹೆಂಡತಿ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು.

“ಇದು ಹಳದಿ,” ಎಂದಳು.

“ಹಳದಿ ಎಲ್ಲೇ? ಗೋಡೆಗೆ ಹಿಡಿದು ನೋಡಿದೀನಿ. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ನೀನು ತಿಂದು ನೋಡು, ಬಣ್ಣ ಬಿಡು, ರುಚಿ ಹೇಳು.”

ಅವಳು ಚಮಚದ ತುದಿಯಲ್ಲಿ ಒಂದಿಷ್ಟು ಬಾಯಿಗಿಟ್ಟುಕೊಂಡಳು. ಮಂಚದ ಅಂಚು ಹಿಡಿದಳು. ನುಂಗಿದಳು. ಆಮೇಲೆ ಆ ದಿನದ ಬಹುಪಾಲು ಮಾತನ್ನು ಒಟ್ಟಿಗೆ ಖರ್ಚು ಮಾಡಿದಳು.

“ರುಚಿ ಗೊತ್ತಾಗಲ್ಲ ರೀ. ಎಲ್ಲಾನೂ ಸುಣ್ಣದ ಹಾಗೇ. ನಿಮಗೆ ಹೇಳಿರ್ಲಿಲ್ಲ. ನೋಡೋಕಾದ್ರೂ ನಂದರ ಹಾಗಿದ್ರೆ... ನುಂಗಬಹುದೇನೋ ಅಂತ.”

ಮೇಸ್ತ್ರಿ ನೆಲದ ಮೇಲೆ ಕೂತುಬಿಟ್ಟ. ನಾದಿನಿ ಕೇಳಿದಾಗಿನಿಂದ ಅವನು ರುಚಿಗೆ ಹೆದರುತ್ತಿದ್ದ. ಈಗ ನೋಡಿದರೆ ರುಚಿ ಎಂಬುದೇ ಆ ಮನೆಯಿಂದ ಹೊರಟುಹೋಗಿತ್ತು. ಒಳ್ಳೆಯದು ಮಾಡಿದರೂ ಅಷ್ಟೇ, ಕೆಟ್ಟದ್ದು ಮಾಡಿದರೂ ಅಷ್ಟೇ. ಉಳಿದಿದ್ದು ಬಣ್ಣವೊಂದು. ಅವನ ಕೆಲಸ. ಅದರಲ್ಲೂ ಸೋತಿದ್ದ.

ಹೆಂಡತಿ ಕೈಸನ್ನೆ ಮಾಡಿದಳು. ಗೋಡೆಯ ಕಡೆ, ಆಮೇಲೆ ಒಲೆಯಿಂದ ಮೇಲಕ್ಕೆ ಹೊಗೆ ಏರಿದ ಹಾಗೆ ಬೆರಳಾಡಿಸಿದಳು. “ಒಂಬತ್ತು ವರ್ಷದ ಒಗ್ಗರಣೆ,” ಎಂದಳು. ತುಟಿಯ ಕೊನೆ ನಗುವಿಗೆ ಏಳಲು ಹೋಗಿ ನೋವಿಗೆ ನಿಂತಿತು. “ಕ್ಯಾಲೆಂಡರ್ ತೆಗೀರಿ.”

ಒಲೆಯ ಹಿಂದಿನ ಗೋಡೆ ವರ್ಷಕ್ಕೊಂದಿಷ್ಟು ಹಳದಿಗಟ್ಟುತ್ತದೆಂದು ಮೇಸ್ತ್ರಿ ಕಮ್ಮಿಯೆಂದರೆ ಸಾವಿರ ಮನೆಯೊಡತಿಯರಿಗೆ ಉಪದೇಶ ಮಾಡಿದ್ದಾನೆ. “ನಿಮ್ಮ ಕಣ್ಣಿಗೆ ಗೊತ್ತಾಗಲ್ಲಮ್ಮ, ನನ್ನ ಕಣ್ಣಿಗೆ ಗೊತ್ತಾಗುತ್ತೆ.” ಅವನು ಅಡುಗೆಮನೆಗೆ ಹೋಗಿ ಮೊಳೆಯಿಂದ ಕ್ಯಾಲೆಂಡರನ್ನು ಎತ್ತಿದ. ಒಂಬತ್ತು ವರ್ಷ, ಒಂಬತ್ತು ಕ್ಯಾಲೆಂಡರು, ಮೊಳೆ ಒಂದೇ. ಹಿಂದೆ ಒಂದು ಚೌಕ. ಮೊದಲ ದಿನ ಹೊಡೆದ ಹಾಗೇ, ಹೊಗೆ ತಾಕದ, ತಿಳಿಯಾದ ಕೆನೆಬಣ್ಣ. ಉಳಿದ ಗೋಡೆ ಅದರ ಮುಂದೆ ಕಾಮಾಲೆ ಹತ್ತಿದ ಹಾಗಿತ್ತು. ಅವನ ಕಣ್ಣುಗಳು ದಿನಾ ಅದನ್ನೇ ನೋಡಿದ್ದವು, ದಿನಾ ಸ್ವಲ್ಪ ಸ್ವಲ್ಪವೇ ಹಳದಿಗೆ ಒಗ್ಗಿಕೊಂಡಿದ್ದವು. ಅವಳ ಗಂಟಲಿಗೆ ಒಗ್ಗಿಕೊಂಡ ಹಾಗೆಯೇ. ನಾಲ್ಕು ತಿಂಗಳು.

ಶನಿವಾರ ಆ ಚೌಕಕ್ಕೆ ಹಿಡಿದು ಮಾಡಿದ. ಎರಡನೇ ಕಾರ್ಡಿಗೇ ಕೂತಿತು. ನುಣುಪಿಗೆ ಏನು ಮಾಡುವುದೆಂದು ಯೋಚಿಸಿ, ಬಣ್ಣ ಸೋಸುವ ಹಾಗೆ ತೆಳುಬಟ್ಟೆಯಲ್ಲಿ ಸೋಸಿದ.

“ಭಾವ, ಅದು ಬಣ್ಣ ಸೋಸಿದ ಬಟ್ಟೆ ಅಲ್ಲ ತಾನೇ?”

“ಹೊಸದಮ್ಮ! ಬೆಳಿಗ್ಗೆ ತಂದಿದ್ದು, ಕುದಿಸಿದೀನಿ ಬೇರೆ.”

“ನಿಮ್ಮನ್ನ ನಂಬೋದು ಹೆಂಗೆ? ನಮ್ಮ ಅಕ್ಕನ ಮದುವೇಲೂ ನಿಮ್ಮ ಅಂಗಿ ಮೇಲೆ ಹಸಿರು ಬಣ್ಣ ಇತ್ತು.”

ಹೆಂಡತಿ ಬಟ್ಟಲು ನೋಡಿದಳು. ಚಮಚ ಎತ್ತಿಕೊಂಡಳು. ಒಂದು ಗಂಟೆಯಲ್ಲಿ ಹನ್ನೊಂದು ಚಮಚ. ಮೇಸ್ತ್ರಿ ಪ್ರತಿ ಚಮಚಕ್ಕೂ ತಾನೇ ಗುಟುಕರಿಸುತ್ತ ಕೂತಿದ್ದ. ಸಂಜೆಗೆ ಒಂಬತ್ತು. ಭಾನುವಾರ ಬೆಳಿಗ್ಗೆ ಏಳು. ಮಧ್ಯಾಹ್ನ ನಾಲ್ಕು, ನಾಲ್ಕನೆಯದು ವಾಪಸು ಬಂತು. ಬಟ್ಟಲಿನಲ್ಲಿದ್ದ ಬಣ್ಣ ಸರಿಯಾಗೇ ಇತ್ತು. ಅವಳ ಕಣ್ಣಿಗೂ ಹಸಿವಾಗುತ್ತಿತ್ತು. ಗಂಟಲು ಮಾತ್ರ ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ.

ಸೋಮವಾರ ಹೊರಡುವ ಮುಂಚೆ ಮೂವರೂ ಸೇರಿ ಒಂದು ಸಣ್ಣ ಅಪರಾಧ ಮಾಡಿದರು. ಮೇಸ್ತ್ರಿ ತನ್ನ ದಪ್ಪ ಸ್ವೆಟರನ್ನು ಹೆಂಡತಿಗೆ ತೊಡಿಸಿದ. ನಾದಿನಿ ತನ್ನ ಮನೆಯ ಬೀಗದ ಕೈಗೊಂಚಲನ್ನು, ಹಿತ್ತಾಳೆಯ ಬೀಗದ ಸಮೇತ, ಅದರ ಜೇಬಿಗಿಳಿಸಿದಳು. ಹೆಂಡತಿ ಇನ್ನೊಂದು ಜೇಬನ್ನು ತಾನೇ ತೆರೆದು ಹಿಡಿದಳು.

“ಸೆಕೆ ಇದೆಯಲ್ಲಮ್ಮ, ಸ್ವೆಟರ್ ತೆಗೀರಿ,” ಎಂದರು ಮೇಡಂ. ತೆಗೆದು ಕುರ್ಚಿಯ ಮೇಲೆ ಹಾಕಿದಾಗ ಕುರ್ಚಿ ಝಣ್ ಎಂದಿತು. ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

“ಎಲ್ಲರೂ ಮಾಡ್ತಾರೆ,” ಮೇಡಂ ಬೈಯಲಿಲ್ಲ. “ಹೋದ ವಾರ ಒಬ್ಬರು ಸೊಂಟಕ್ಕೆ ಎರಡು ಕೆಜಿ ಅಕ್ಕಿ ಕಟ್ಕೊಂಡು ಬಂದಿದ್ರು. ಹತ್ತಿ ಅಮ್ಮ.”

ಮೂವತ್ತೊಂಬತ್ತು ಕೆಜಿ ಆರುನೂರು ಗ್ರಾಂ.

ಮೇಸ್ತ್ರಿ ಆ ಕೆಂಪು ಅಂಕಿಯನ್ನು ಕಣ್ಣು ಕಿರಿದು ಮಾಡಿ ನೋಡಿದ, ಸ್ವಲ್ಪ ಹೊತ್ತು ಬಿಟ್ಟರೆ ಒಣಗಿ ಬೇರೆಯಾದೀತೇನೋ ಎಂಬಂತೆ. “ಮೇಡಂ, ಇನ್ನು ಎರಡು ದಿನ ಕೊಡಿ. ಈಗ ಬಣ್ಣ ಸರಿಹೋಗಿದೆ. ಶನಿವಾರ ಹನ್ನೊಂದು ಚಮಚ ತಿಂದಿದಾಳೆ, ಕೇಳಿ ಬೇಕಾದ್ರೆ.”

ಮೇಡಂಗೆ ಯಾವ ಬಣ್ಣವೆಂದು ತಿಳಿಯಲಿಲ್ಲ. ಹೆಂಡತಿ ಅವನ ತೋಳು ಹಿಡಿದು, ಬಿಡಿ ಎನ್ನುವಂತೆ ಸಣ್ಣಗೆ ಎಳೆದಳು. ಒಂದು ಕಾಲಕ್ಕೆ ಅಂಗಡಿಯಲ್ಲಿ ಅವನು ವಿಪರೀತ ಚೌಕಾಸಿಗೆ ನಿಂತಾಗಲೂ ಅವಳು ಹೀಗೇ ಎಳೆಯುತ್ತಿದ್ದಳು.

ಟ್ಯೂಬು ಹಾಕುವಾಗ ಅವನನ್ನು ಹೊರಗೆ ನಿಲ್ಲಿಸಿದರು. ಕಾರಿಡಾರಿನ ಗೋಡೆಯ ಬಣ್ಣ ಅಲ್ಲಲ್ಲಿ ಉಬ್ಬಿತ್ತು. ಒಳಗೆ ತೇವ ಇರುವಾಗ ಮೇಲೆ ಬಳಿದರೆ ಹೀಗಾಗುತ್ತದೆ. ಒಳಗಿಂದ ಹೆಂಡತಿ ಕೆಮ್ಮುವುದು ಕೇಳುತ್ತಿತ್ತು. ಅವನು ಒಂದು ಉಬ್ಬಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದು ನಿಂತ. ಬೆರಳು ತೆಗೆದರೆ ಅದು ಮತ್ತೆ ಏಳುತ್ತಿತ್ತು.

ಮೇಡಂ ಮನೆಗೆ ಕಳಿಸುವ ಮುಂಚೆ ಎಲ್ಲ ತೋರಿಸಿಕೊಟ್ಟರು. “ಮನೆ ಅಡುಗೆಯನ್ನೇ ಕೊಡಬಹುದು. ತೆಳ್ಳಗಿರ್ಬೇಕು, ಚೆನ್ನಾಗಿ ಸೋಸಿರ್ಬೇಕು. ಈ ಸಿರಿಂಜಿಗೆ ಹೊಯ್ದು, ಕೈ ಮೇಲೆತ್ತಿ ಹಿಡೀಬೇಕು, ಅಷ್ಟೇ. ಒತ್ತಬೇಡಿ. ಅದು ತಾನಾಗೇ ಇಳೀಬೇಕು. ರುಚಿ ಗಿಚಿ ಅಂತ ತಲೆ ಕೆಡಿಸ್ಕೋಬೇಡಿ, ನಾಲಿಗೆ ಮೇಲೆ ಹೋಗೋದೇ ಇಲ್ಲವಲ್ಲ.”

ಮಂಗಳವಾರ ಬೆಳಿಗ್ಗೆ ನಾದಿನಿ ಬಂದಾಗ ಕಿಟಕಿಯ ಕಟ್ಟೆಯ ಮೇಲೆ ಕಾರ್ಡು ಒಣಗುತ್ತಿತ್ತು. ತೆಳ್ಳಗಾದರೆ ಬಣ್ಣ ತಿಳಿಯಾಗುತ್ತದೆ, ಅದನ್ನು ಮತ್ತೆ ಕೂರಿಸಬೇಕು, ಸುಲಭವಲ್ಲ.

“ಭಾವ, ಟ್ಯೂಬಿಗೆ ಯಾವ ಬಣ್ಣ ಆದ್ರೆ ಏನು ಹೇಳಿ?” ಈ ಸಲ ಅವಳ ದನಿಯಲ್ಲಿ ಕುಟುಕು ಇರಲಿಲ್ಲ.

ಮೇಸ್ತ್ರಿ ಎರಡು ಸಲ ಸೋಸಿ, ಸ್ಟೀಲಿನ ಲೋಟಕ್ಕೆ ಹಾಕಿಕೊಂಡು ಒಳಗೆ ಹೋದ. ಹೆಂಡತಿ ದಿಂಬಿಗೊರಗಿ ಕೂತಿದ್ದಳು. ಮೂಗಿನಿಂದ ಹೊರಟ ಟ್ಯೂಬನ್ನು ಕೆನ್ನೆಗೆ ಅಂಟಿಸಿದ್ದರು. ಅವನು ಸಿರಿಂಜು ಸಿಕ್ಕಿಸಿ ಲೋಟ ಎತ್ತಿದ. ಅವಳು ಅವನ ಮಣಿಕಟ್ಟು ಹಿಡಿದು ನಿಲ್ಲಿಸಿ, ಲೋಟವನ್ನು ತನ್ನ ಕಡೆ ಬಾಗಿಸಿಕೊಂಡು ಒಳಗೆ ನೋಡಿದಳು. ಕಿಟಕಿಯ ಬೆಳಕು ಬೀಳುವ ಹಾಗೆ ಸ್ವಲ್ಪ ತಿರುಗಿಸಿ ಮತ್ತೆ ನೋಡಿದಳು.

“ಅರಿಶಿನ... ಚಿಟಿಕೆ ಜಾಸ್ತಿ.”

“ಜಾಸ್ತಿನಾ?”

“ಹೂಂ.”

ಆಮೇಲೂ ಅವಳು ಮಣಿಕಟ್ಟು ಬಿಡಲಿಲ್ಲ. ಅವನ ಮುಖವನ್ನೇ ನೋಡುತ್ತ ಕಾದಳು.

“ಏನೇ?”

“ಹೇಳಿ. ನಿಮ್ಮ ಮಾತು.”

ಮೇಸ್ತ್ರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಸಾವಿರ ಮನೆಗಳಲ್ಲಿ ಹೇಳಿದ ಮಾತು. “ಎರಡನೇ...” ಎಂದ. ಅಲ್ಲಿಗೇ ನಿಂತಿತು. ಇನ್ನೊಮ್ಮೆ ಬಾಯಿ ತೆರೆದ. ಗಂಟಲು ಈ ಮನೆಯಲ್ಲಿ ಅವಳೊಬ್ಬಳದೇ ಕೆಟ್ಟದ್ದು ಎಂದುಕೊಂಡಿದ್ದ.

ಅವಳು ಪರವಾಗಿಲ್ಲ ಎನ್ನುವ ಹಾಗೆ ಅವನ ಕೈಯನ್ನು ಮೇಲಕ್ಕೆ ತಳ್ಳಿದಳು. ಅವನು ಸಾರು ಹೊಯ್ದು ಕೈ ಎತ್ತಿ ಹಿಡಿದ. ಮೂವತ್ತೈದು ವರ್ಷ ಛಾವಣಿಗಳಿಗೆ ಬಣ್ಣ ಹೊಡೆದ ಕೈ, ಬೆಳಿಗ್ಗೆಯಿಂದ ಸಂಜೆಯವರೆಗೂ ಎತ್ತಿ ಹಿಡಿಯಬಲ್ಲದು. ಸಿರಿಂಜಿನಲ್ಲಿ ಕೆನೆಬಣ್ಣದ ಗೆರೆ ಇದೆಯೋ ಇಲ್ಲವೋ ಎಂಬಷ್ಟು ನಿಧಾನವಾಗಿ ಕೆಳಗಿಳಿಯುತ್ತಿತ್ತು. ನಡುವೆ ಒಮ್ಮೆ ನಿಂತ ಹಾಗಾಯಿತು. ಅವನ ಹೆಬ್ಬೆರಳು ತಾನಾಗಿ ಒತ್ತಲು ಹೋಯಿತು. ಮೇಡಂ ಹೇಳಿದ್ದು ನೆನಪಾಗಿ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಕೈಯನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿ, ಗೆರೆಯನ್ನೇ ನೋಡುತ್ತ ನಿಂತ.